ಒಂಬತ್ತು ಸಲ ಏಳು ಮೀಟರ್

ಜಲಾಶಯದ ಕಚೇರಿ
ಆಗಸ್ಟ್ 3

ಅಕ್ಕಾ,

ಫೋನ್ ಮಾಡಿದರೆ ಮೂರನೇ ಮಾತಿಗೆ ನಮಗೆ ಜಗಳ ಶುರುವಾಗುತ್ತದೆ, ನಾಲ್ಕನೇ ಮಾತಿಗೆ ನಿನ್ನ ಕಡೆ ಸಿಗ್ನಲ್ ಹೋಗುತ್ತದೆ. ಅದಕ್ಕೇ ಈ ಕಾಗದ. ಹೊಳೆಯ ಅಳತೆಯ ಹಾಳೆ ಒಯ್ಯಲು ವಾರಕ್ಕೊಮ್ಮೆ ನಿನ್ನ ಹತ್ತಿರ ಬರುವ ಜೀಪಿನವನ ಕೈಯಲ್ಲೇ ಕಳಿಸುತ್ತಿದ್ದೇನೆ. ಪೂರ್ತಿ ಓದುವ ತನಕ ಮುಖ ಊದಿಸಿಕೊಳ್ಳಬೇಡ.

ಸೇತುವೆಗೆ ಕಟ್ಟಿದ ಅಳತೆ ಯಂತ್ರದ ವಿಷಯ ಮತ್ತೆ ಎತ್ತುವುದಿಲ್ಲ. ಡಿಸೆಂಬರ್‌ಗೆ ನಿನ್ನ ಹುದ್ದೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿದವನು ನಾನಲ್ಲ. ತಡೆಯಲಿಲ್ಲವಲ್ಲ ಅಂದೆ ನೀನು. ಅದು ನಿಜ.

ಈಗ ಕೆಲಸದ ಮಾತು. ಹೋದ ವರ್ಷ, ಕೊನೆಯಲ್ಲಿ ದೊಡ್ಡ ನೆರೆ ಬಂದರೆ ಬೇಕಾದೀತು ಎಂದು ಜಲಾಶಯದಲ್ಲಿ ಜಾಗ ಖಾಲಿ ಇಟ್ಟೆವು. ಮಳೆ ಕೈಕೊಟ್ಟಿತು. ಮಾರ್ಚ್‌ನಿಂದ ಪೇಟೆಗೆಲ್ಲ ಟ್ಯಾಂಕರ್ ನೀರು. ಅಣೆಕಟ್ಟಿನ ಕೆಳಗಿನ ತಗ್ಗಿನ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಅಜ್ಜಿಯೊಬ್ಬಳಿದ್ದಾಳೆ, ಕೈಯೆರಡೂ ಮೊಣಕೈವರೆಗೆ ನೀಲಿ. ಎರಡು ತಿಂಗಳು ದಿನಾ ಬಂದು ನನ್ನ ಮೇಜಿನ ಮೇಲೆ ಖಾಲಿ ಬಿಂದಿಗೆ ಇಡುತ್ತಿದ್ದಳು. "ನೀರು ಕಾಯೋ ಕೆಲ್ಸ ನಿಂದಂತಲ್ಲಪ್ಪ. ಕಾದಿದ್ದೆಲ್ಲಿ, ತೋರ್ಸು ನೋಡೋಣ!" ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಕಡತ ತಿರುಗಿಸುತ್ತಿದ್ದೆ.

ನಾಲ್ಕು ತಿಂಗಳಲ್ಲಿ ಬೀಳುತ್ತಿದ್ದ ಮಳೆ ಈಗ ಹದಿನೈದು ದಿನದಲ್ಲಿ ಸುರಿದು ಕೈ ತೊಳೆದುಕೊಳ್ಳುತ್ತದೆ. ಹಳೆಯ ನಿಯಮ ನಡೆಯುವುದಿಲ್ಲ. ಯಾವ ತಾರೀಖಿಗೆ ಎಷ್ಟು ನೀರು ತುಂಬಿಸಬಹುದು ಎಂಬ ಹೊಸ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಆಗಸ್ಟ್ 28ಕ್ಕೆ ಒಪ್ಪಿಸಬೇಕು. ಈ ಸಲ ಸೆಪ್ಟೆಂಬರ್ ಮಧ್ಯಕ್ಕೇ ಕಂಠಮಟ್ಟ ತುಂಬಿಸಿಬಿಡೋಣ ಅಂತ ದೊಡ್ಡ ಸಾಹೇಬರು, ನಾನೂ ಅದೇ ಅನ್ನುತ್ತೇನೆ. ಆದರೆ ಆಮೇಲೆ ದೊಡ್ಡ ನೆರೆ ಬರುವುದಿಲ್ಲ ಎನ್ನಲು ಆಧಾರ ಬೇಕು.

ಆಧಾರ ಅಪ್ಪನೇ. ಅಪ್ಪನ ಮೂವತ್ತೊಂದು ವರ್ಷದ ಅಳತೆಯಲ್ಲಿ ಸೆಪ್ಟೆಂಬರ್ ಕಳೆದ ಮೇಲೆ ಬಂದ ಅತಿ ದೊಡ್ಡ ನೆರೆ ಒಂದೇ. ಇಪ್ಪತ್ತೇಳು ವರ್ಷದ ಹಿಂದೆ, ಅಕ್ಟೋಬರ್ 11ರಿಂದ 13. ಮೂರು ದಿನ, ದಿನಕ್ಕೆ ಮೂರು ಹೊತ್ತು, ಒಂಬತ್ತು ಸಲವೂ ಏಳು ಮೀಟರ್. ಏಳು ಮೀಟರ್ ನೀರನ್ನು ತುಂಬಿದ ಜಲಾಶಯವೂ ತಡೆದುಕೊಳ್ಳುತ್ತದೆ. ನನ್ನ ಹತ್ತಿರ ಇರುವುದು ಟೈಪು ಮಾಡಿದ ನಕಲು. ಆ ವರ್ಷದ ಮೂಲ ಪುಸ್ತಕ ಜೀಪಿನಲ್ಲಿ ಕಳಿಸು.

ಅಪ್ಪನ ಫೋಟೊ ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲೇ ಇದೆ. "ಒಂದು ಹೊತ್ತೂ ತಪ್ಪದ ಅಳತೆ" ಅಂತ ಕೆಳಗೆ ಬರೆಸಿದ್ದಾರಲ್ಲ, ಹೊಸಬರು ಬಂದಾಗಲೆಲ್ಲ ತೋರಿಸುತ್ತೇನೆ.

ನಿನ್ನ ತಮ್ಮ

—

ಅಳತೆ ಕೋಣೆ
ಆಗಸ್ಟ್ 10

ಸಾಹೇಬರೇ,

ಓದಿದೆ. ಮುಖ ಊದಿಸಿಕೊಳ್ಳಲಿಲ್ಲ, ಅದು ಹುಟ್ಟಿನಿಂದಲೇ ಹೀಗಿದೆ.

ನಿಮ್ಮ ಯಂತ್ರ ಕ್ಷೇಮ. ಹೋದ ಸೋಮವಾರ ಹೊಳೆ ಒಂದೂವರೆ ಮೀಟರ್ ಏರಿದೆ ಅಂತ ನಿಮ್ಮ ಕಚೇರಿಗೆ ಸುದ್ದಿ ಕಳಿಸಿತಂತಲ್ಲ? ಹೋಗಿ ನೋಡಿದೆ. ಯಂತ್ರದ ಪೆಟ್ಟಿಗೆಯ ಕೆಳಗೆ ಜೇಡ ಬಲೆ ಕಟ್ಟಿತ್ತು, ಅದನ್ನೇ ನೀರು ಅಂದುಕೊಂಡಿತ್ತು. ಕಸಪೊರಕೆಯಲ್ಲಿ ಗುಡಿಸಿದೆ, ಹೊಳೆ ಇಳಿಯಿತು. ಡಿಸೆಂಬರ್ ಆದಮೇಲೆ ಪೊರಕೆ ಹಿಡಿಯುವವರು ಯಾರು ಅಂತ ಆದೇಶದಲ್ಲಿ ಬರೆದಿದ್ದಾರಾ?

ಪುಸ್ತಕದ ವಿಷಯ. ಆ ವರ್ಷದ್ದು ಹುಳ ತಿಂದು ಹಾಳಾಗಿದೆ. ಮುಟ್ಟಿದರೆ ಉದುರುತ್ತದೆ. ಕಳಿಸಿ ಪ್ರಯೋಜನವಿಲ್ಲ.

ಒಂದು ಮಾತು ಕೇಳಲಾ? ಓದಿದವನು ನೀನು, ನಾನು ಬರೀ ಹೊಳೆಯಲ್ಲಿ ನೆಟ್ಟ ಅಳತೆಯ ಕಂಬ ನೋಡಿ ಬರೆಯುವವಳು. ಆ ಮೂರು ದಿನ ಬಿಟ್ಟು ಪಟ್ಟಿ ಮಾಡಲಾಗುವುದಿಲ್ಲವಾ? ಹಳೆಯ ಮಳೆಯೇ ಬೇರೆ, ಈಗಿನದೇ ಬೇರೆ ಅಂತ ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ಇಪ್ಪತ್ತೇಳು ವರ್ಷದ ಹಿಂದಿನ ಏಳು ಮೀಟರ್ ಕಟ್ಟಿಕೊಂಡು ನಿನಗೇನು?

ಈ ವಾರ ನಿದ್ದೆ ಸರಿಯಿಲ್ಲ. ಅಳತೆಗೆ ಎಂಟಕ್ಕೆ ಹೋಗಬೇಕಾದವಳು ಏಳಕ್ಕೇ ಹೋಗಿ ಕಂಬದ ಮುಂದೆ ನಿಂತಿರುತ್ತೇನೆ. ಹೊಳೆ ಎರಡು ಮೀಟರ್ ಹತ್ತು. ಮೀನು ಹಿಡಿಯುವವನು "ಏನಕ್ಕ, ಹೊಳೆ ಓಡಿಹೋಗುತ್ತೆ ಅಂತ ಕಾವಲಾ?" ಅಂತ ತಮಾಷೆ ಮಾಡಿದ. ಸುಮ್ಮಸುಮ್ಮನೆ ಅವನ ಮೇಲೆ ರೇಗಿದೆ. ಪಾಪ, ಅವನೇನು ಮಾಡಿದ್ದ.

ಅಕ್ಕ

—

ಆಗಸ್ಟ್ 17

ಅಕ್ಕಾ,

ಸುಳ್ಳು ಹೇಳುವುದು ನಿನಗೆ ಬರುವುದಿಲ್ಲ, ಯಾಕೆ ಕೈ ಹಾಕುತ್ತೀಯ? ಅಳತೆ ಪುಸ್ತಕಗಳನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಬ್ಬಿಣದ ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದೀಯಂತೆ. ಒಂದು ಹುಳ ಇಲ್ಲ ಅಂತ ಜೀಪಿನವನೇ ಹೇಳಿದ.

ಯಂತ್ರದ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತೀಯಾ? ತೀರಿಸಿಕೋ. ಆದರೆ ತಗ್ಗಿನ ಬೀದಿಯ ನಾನೂರು ಮನೆಗೆ ಬರುವ ಬೇಸಿಗೆಯಲ್ಲಿ ನೀರು ಬೇಕು. ನಿನ್ನೆ ಬಣ್ಣದ ಅಜ್ಜಿ ಬಂದಿದ್ದಳು, ಬಿಂದಿಗೆ ತಂದಿರಲಿಲ್ಲ. "ಈ ಸಲ ತುಂಬಿಸ್ತೀಯಾ?" ಎಂದು ಕೇಳಿದಳು. ತುಂಬಿಸುತ್ತೇನೆ ಅಂತ ಮಾತು ಕೊಟ್ಟೆ.

ಆ ಮೂರು ದಿನ ಬಿಟ್ಟರೆ ಪಟ್ಟಿಗೆ ಬೆನ್ನೆಲುಬೇ ಇರುವುದಿಲ್ಲ. ಅಪ್ಪ ಬರೆದದ್ದಕ್ಕಿಂತ ಗಟ್ಟಿ ಆಧಾರ ಈ ಕಚೇರಿಯಲ್ಲಿ ಬೇರೆ ಇಲ್ಲ. ಮುಂದಿನ ಜೀಪಿನಲ್ಲಿ ಪುಸ್ತಕ ಬರಲಿ. ಬಾರದಿದ್ದರೆ ನಕಲನ್ನೇ ಲಗತ್ತಿಸಿ ಕಳಿಸುತ್ತೇನೆ.

ತಮ್ಮ

—

ಆಗಸ್ಟ್ 23

ಪುಟ್ಟಾ,

ಪುಸ್ತಕ ಕಳಿಸಿದ್ದೇನೆ. ಅದನ್ನು ಬಿಚ್ಚುವ ಮೊದಲು ಇದನ್ನು ಓದು. ಕಚೇರಿಯಲ್ಲಿ ಓದಬೇಡ.

ಆ ಏಳು ಮೀಟರ್ ಅಪ್ಪ ಬರೆದದ್ದಲ್ಲ. ನಾನು ಬರೆದದ್ದು.

ನೀನು ಆಗ ಏಳು ವರ್ಷದವನು. ಅಕ್ಟೋಬರ್ ಎಂಟನೇ ತಾರೀಖು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದೆ. ನಿನ್ನ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದೆಯಲ್ಲ, ಅದೇ. ಅಪ್ಪ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದರು. ಅಮ್ಮ ಹಿಂದೆಯೇ ಹೋದಳು. ಬದಲಿ ಆಳು ಬರುವ ತನಕ ಅಳತೆಗಾರ ಜಾಗ ಬಿಡಬಾರದು ಅಂತ ನಿಯಮ. ಬದಲಿಯವನಿಗೆ ಕಾದಿದ್ದರೆ ನೀನು ಇರುತ್ತಿರಲಿಲ್ಲ. ಅಪ್ಪ ಯಾರಿಗೂ ಹೇಳದೆ ಹೋದರು. ಹೋಗುವಾಗ ಬಾಗಿಲಲ್ಲಿ ತಿರುಗಿ ನನಗೆ ಹೇಳಿದರು: "ಮೂರು ಹೊತ್ತು ನೋಡಿ ಬರಿ. ನನ್ನ ಹಾಗೇ ಬರಿ. ಒಂದು ಚೌಕಾನೂ ಖಾಲಿ ಬಿಡಬೇಡ."

ನನಗೆ ಹದಿನೈದು. ಮೊದಲ ಮೂರು ದಿನ ಸರಿಯಾಗಿಯೇ ಬರೆದೆ. ಹತ್ತನೇ ತಾರೀಖು ಮಧ್ಯಾಹ್ನದಿಂದ ಮಳೆ. ಹನ್ನೊಂದರ ಬೆಳಿಗ್ಗೆ ಹೋದರೆ ನೀರು ಕಂಬದ ನೆತ್ತಿಯಲ್ಲಿತ್ತು. ಆಗಿನ ಕಂಬ ಏಳು ಮೀಟರಿನದು. ಏಳು ಅಂತ ಬರೆದೆ. ಅದೊಂದು ನಿಜ. ಮಧ್ಯಾಹ್ನ ಹೋದರೆ ಕಂಬವೇ ಕಾಣಲಿಲ್ಲ. ಅಳತೆ ಕೋಣೆಯ ಬಾಗಿಲಿಗೆ ನೀರು ಬಂದಿತ್ತು. ಒಳಗೆ ಹೋಗಿ ಪುಸ್ತಕಗಳನ್ನೆಲ್ಲ ತಲೆಯ ಮೇಲೆ ಹೊತ್ತು ಎರಡು ಸಲದಲ್ಲಿ ದಿನ್ನೆಗೆ ಸಾಗಿಸಿದೆ. ಎರಡನೇ ಸಲ ಸೆಳೆತಕ್ಕೆ ಕಾಲು ನೆಲದಲ್ಲಿ ನಿಲ್ಲಲಿಲ್ಲ, ಕಿಟಕಿಯ ಸರಳು ಹಿಡಿದುಕೊಂಡು ಬಂದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಆಮೇಲೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಪುಸ್ತಕ ತೊಡೆಯ ಮೇಲಿತ್ತು. ಚೌಕ ಖಾಲಿ ಬಿಟ್ಟರೆ ಅಪ್ಪ ಇರಲಿಲ್ಲ ಅಂತ ಗೊತ್ತಾಗಿ ಕೆಲಸ ಹೋಗುತ್ತದೆ. ಏನಾದರೂ ಬರೆಯಬೇಕು. ನಾನು ಕೊನೆಯಲ್ಲಿ ಕಂಡ ಅಂಕಿ ಏಳು. ಏಳು, ಏಳು, ಏಳು ಅಂತ ಬರೆಯುತ್ತಾ ಹೋದೆ. ಹದಿನಾಲ್ಕಕ್ಕೆ ಮತ್ತೆ ಕಂಬ ಕಂಡಿತು.

ಹದಿನಾರಕ್ಕೆ ಅಪ್ಪ ಬಂದರು. ಅಳತೆ ಕೋಣೆಗೆ ಒಬ್ಬರೇ ಹೋಗಿ ತುಂಬಾ ಹೊತ್ತು ಇದ್ದರು. ಹೊರಗೆ ಬಂದು "ಎಲ್ಲಾ ಬರೆದ್ಯಾ?" ಅಂದರು. "ಬರ್ದೆ" ಅಂದೆ. ಪುಸ್ತಕ ತೆಗೆದು ಒಂದೊಂದು ಸಾಲಿನ ಮುಂದೆಯೂ ಸಹಿ ಹಾಕಿದರು. "ಊಟ ಆಯ್ತಾ ಮಗಳೇ?" ಅಂದರು. ಅಷ್ಟೇ. ಅವರು ಬದುಕಿರುವ ತನಕ ನಮ್ಮಿಬ್ಬರ ನಡುವೆ ಆ ಮಾತು ಬರಲೇ ಇಲ್ಲ.

ಆಗ ಕೆಳಗೆ ಅಣೆಕಟ್ಟೂ ಇರಲಿಲ್ಲ, ತಗ್ಗಿನ ಬೀದಿಯೂ ಇರಲಿಲ್ಲ. ಒಂದು ಸುಳ್ಳು ಅಂಕಿಯಿಂದ ಯಾರಿಗೇನು ಅಂದುಕೊಂಡೆ. ಈಗ ನೀನು ಅದರ ಮೇಲೆ ನಾನೂರು ಮನೆ ನಿಲ್ಲಿಸುತ್ತಿದ್ದೀಯ.

ನೀನು ತುಂಬಿಸಬೇಡ ಕಣೋ. ಅಂಗಲಾಚಿ ಕೇಳುತ್ತೇನೆ. ನನ್ನನ್ನು ಡಿಸೆಂಬರ್ ತನಕವೂ ಇಟ್ಟುಕೊಳ್ಳಬೇಡಿ, ನಾಳೆಯೇ ಕಳಿಸಿ. ಆದರೆ ತುಂಬಿಸಬೇಡ.

ಅಕ್ಕ

—

ಆಗಸ್ಟ್ 30

ಪುಟ್ಟಾ,

ಜೀಪು ಬಂತು. ನಿನ್ನ ಕಾಗದ ಬರಲಿಲ್ಲ. ಇಪ್ಪತ್ತೆಂಟು ಕಳೆಯಿತು. ಏನು ಕೊಟ್ಟೆ, ಏನು ಬಿಟ್ಟೆ, ಒಂದೂ ತಿಳಿಯದು. ಜೀಪಿನವನನ್ನು ಕೇಳಿದರೆ "ಸಾಹೇಬ್ರು ಯಾರ ಹತ್ರಾನೂ ಮಾತಾಡ್ತಿಲ್ಲ ಅಕ್ಕಾ" ಅಂದ. ಬೈದಾದರೂ ಬರೆಯಬಾರದಾ?

ಸುಮ್ಮನೆ ಕೂರಲಾಗಲಿಲ್ಲ. ಸುಳ್ಳು ಅಂಕಿ ತೆಗೆಸಿದವಳು ನಿಜದ ಅಂಕಿ ಕೊಡಬೇಡವೇ? ಆ ದಿನ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗುರುತು ಹುಡುಕುತ್ತಾ ಹೊರಟೆ. ದಂಡೆಯ ಮರಗಳು ಬಿದ್ದುಹೋಗಿವೆ. ಗೋಡೆಗಳಿಗೆ ಇಪ್ಪತ್ತೇಳು ಸಲ ಸುಣ್ಣ ಬಳಿದಾಗಿದೆ. ಕೊನೆಗೆ ನೆನಪಾಯಿತು, ಅಳತೆ ಕೋಣೆಯ ಕಪಾಟಿನ ಹಿಂದಕ್ಕೆ ಯಾರೂ ಸುಣ್ಣ ಬಳಿದಿಲ್ಲ. ಅಪ್ಪ ಬಳಿಯಲು ಬಿಡುತ್ತಿರಲಿಲ್ಲ, "ಭಾರ, ಬಿಡ್ರೋ" ಅನ್ನುತ್ತಿದ್ದರು. ಮೀನಿನವನನ್ನು ಕರೆದು ಇಬ್ಬರೂ ಸೇರಿ ಕಪಾಟು ತಳ್ಳಿದೆವು.

ಗೋಡೆಯ ಮೇಲೆ ಮಣ್ಣಿನ ಕಲೆಯಿದೆ. ಕಲೆಯ ಅಂಚಿಗೆ ಸರಿಯಾಗಿ, ಮೊಳೆಯಲ್ಲಿ ಗೀರಿದ ಗೆರೆ. ಮೇಲೆ ತಾರೀಖು. ಅಪ್ಪನ ಕೈಬರಹ.

ಗೆರೆಯ ಮೇಲೆ ಬೆರಳಿಟ್ಟು ತಾರೀಖನ್ನು ಎರಡು ಸಲ ಓದಿದೆ.

ಅಪ್ಪನಿಗೆ ಗೊತ್ತಿತ್ತು ಪುಟ್ಟಾ. ಬಂದ ದಿನವೇ ಗೊತ್ತಾಗಿತ್ತು. ನಿಜವನ್ನು ಗೋಡೆಯಲ್ಲಿ ಬರೆದು ಕಪಾಟು ಅಡ್ಡ ಇಟ್ಟರು, ಆಚೆ ಬಂದು ನನ್ನ ಸುಳ್ಳಿಗೆ ಎಂಟು ಸಹಿ ಹಾಕಿದರು. ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೋಣೆಯ ನೆಲ ಹೊಳೆಯ ಅಳತೆಯಲ್ಲಿ ಎಂಟು ಮೀಟರ್, ಅಂದರೆ ಹೊಳೆ ಎಂಟು ಮೀಟರ್ ಏರಿದರೆ ನೀರು ನೆಲಕ್ಕೆ ಬರುತ್ತದೆ. ಗೆರೆ ನೆಲದಿಂದ ಒಂದು ಮೀಟರ್ ಹದಿನೈದು ಸೆಂಟಿಮೀಟರ್ ಮೇಲಿದೆ. ಮೇಸ್ತ್ರಿಗಳು ಮಟ್ಟ ನೋಡುತ್ತಾರಲ್ಲ, ನೀರು ತುಂಬಿದ ಆ ಪಾರದರ್ಶಕ ಕೊಳವೆ ತಂದು ಕಂಬದಿಂದ ಗೋಡೆಗೆ ಮೂರು ಸಲ ಹಿಡಿದು ನೋಡಿದೆ. ಒಂಬತ್ತು ಮೀಟರ್ ಹದಿನೈದು. ಇದು ನಿಜದ ಅಂಕಿ.

ಅಕ್ಕ

—

ಸೆಪ್ಟೆಂಬರ್ 6

ಅಕ್ಕಾ,

ಬರೆಯಲಿಲ್ಲ, ತಪ್ಪಾಯಿತು. ಬರೆಯಲು ಕೂತಾಗಲೆಲ್ಲ ನಿನ್ನನ್ನು ಬೈಯುವ ಸಾಲು ಬರುತ್ತಿತ್ತು. ಬೈಗುಳ ನನಗೆ ಸೇರಬೇಕಾದದ್ದು. ಅದಕ್ಕೇ ಹರಿದು ಹಾಕುತ್ತಿದ್ದೆ.

ಕೇಳು. ಜುಲೈನಲ್ಲೇ ಹಳೆಯ ಕಡತದಲ್ಲಿ ನನಗೆ ಅಪ್ಪನದೊಂದು ಅರ್ಜಿ ಸಿಕ್ಕಿತ್ತು. ಆ ನೆರೆಯಾದ ಮುಂದಿನ ತಿಂಗಳು ಬರೆದದ್ದು. "ಈಗಿರುವ ಏಳು ಮೀಟರ್ ಕಂಬ ಸಾಲದು, ಇನ್ನು ಮೂರು ಮೀಟರ್ ಏರಿಸಿ ಕೊಡಬೇಕು." ಅವರು ಕೇಳಿದ್ದು ಮೂರು, ಇಲಾಖೆ ಒಂದೂವರೆ ವರ್ಷ ಯೋಚಿಸಿ ಕೊಟ್ಟದ್ದು ಎರಡು. ಏಳು ಮೀಟರಿನ ಕಂಬದಲ್ಲಿ ಒಂಬತ್ತು ಸಲ ಏಳು. ಅಂದರೆ ಕಂಬ ಮುಳುಗಿತ್ತು. ಮೊದಲ ವರ್ಷ ಎಂಜಿನಿಯರಿಂಗ್ ಓದುವವನಿಗೂ ಗೊತ್ತಾಗುವ ವಿಷಯ ಇದು. ನನಗೆ ಗೊತ್ತಾಯಿತು. ಅರ್ಜಿಯನ್ನು ಮಡಚಿ ಕಡತದೊಳಗೇ ಇಟ್ಟೆ. ಜಲಾಶಯ ತುಂಬಬೇಕಿತ್ತು ನನಗೆ, ಬಿಂದಿಗೆ ಹೊತ್ತು ಬರುವ ಆ ಮುದುಕಿಯ ಮುಂದೆ ಮತ್ತೆ ತಲೆ ತಗ್ಗಿಸಲು ಆಗುತ್ತಿರಲಿಲ್ಲ. ಅಪ್ಪನ ಸಹಿ ಇದೆಯಲ್ಲ ಅಂತ ಅದರ ಹಿಂದೆ ಅಡಗಿಕೊಂಡೆ.

ನಿನಗೆ ಹದಿನೈದು ವರ್ಷ, ಒಬ್ಬಳೇ ಇದ್ದೆ. ನನಗೆ ಮೂವತ್ತನಾಲ್ಕು, ಕಚೇರಿ ತುಂಬಾ ಜನ.

ಇಪ್ಪತ್ತೆಂಟಕ್ಕೆ ಪಟ್ಟಿ ಕೊಡಲಿಲ್ಲ. ನಿನ್ನ ಎರಡನೇ ಕಾಗದ ಬಂದಮೇಲೆ ಒಂಬತ್ತು ಹದಿನೈದು ಹಾಕಿ ಹೊಸದಾಗಿ ಮಾಡಿ ಕೊಟ್ಟೆ. ಅಕ್ಟೋಬರ್ 20ರ ತನಕ ಜಲಾಶಯದ ಮೇಲಿನ ಐದು ಮೀಟರ್ ಖಾಲಿ. ದೊಡ್ಡ ಸಾಹೇಬರು ಕಾಗದವನ್ನು ಮೇಜಿನ ಮೇಲೆ ಎಸೆದು "ಮಳೆ ಬರ್ಲಿಲ್ಲ ಅಂದ್ರೆ ಪೇಟೆಯವ್ರಿಗೆ ನೀನೇ ಉತ್ತರ ಕೊಡಯ್ಯ" ಅಂದರು. ಸಹಿ ಮಾತ್ರ ಹಾಕಿದರು.

ಅಪ್ಪನ ಫೋಟೊ ಅಲ್ಲೇ ಇದೆ. ಕೆಳಗಿನ ಬರಹ ಮಾತ್ರ ನಾನೇ ಬಿಚ್ಚಿದೆ. ನನ್ನ ಡ್ರಾಯರಿನಲ್ಲಿದೆ.

ಹೆಗಲ ಮೇಲೆ ಹೋದದ್ದು ನೆನಪಿಲ್ಲ ಅಕ್ಕಾ. ಅಪ್ಪನ ಅಂಗಿಯ ವಾಸನೆ ಮಾತ್ರ ನೆನಪಿದೆ.

ತಮ್ಮ

—

ಸೆಪ್ಟೆಂಬರ್ 27

ಪುಟ್ಟಾ,

ಆಕಾಶ ತೊಳೆದಿಟ್ಟಂತಿದೆ. ಹೊಳೆ ಒಂದು ಮೀಟರ್ ಅರವತ್ತು, ನಿನ್ನೆಗಿಂತ ಐದು ಸೆಂಟಿಮೀಟರ್ ಕಡಿಮೆ. ಹುಟ್ಟಿದಾಗಿನಿಂದ ನೆರೆ ಅಂದರೆ ಹೆದರುವವಳು ಈಗ ದಿನಾ ಮೋಡ ಹುಡುಕುತ್ತೇನೆ. ಬರಲಿ ಅಂತ ಬೇಡಲಾ, ಬಾರದಿರಲಿ ಅಂತ ಬೇಡಲಾ? ಎರಡನ್ನೂ ಬೇಡುತ್ತೇನೆ, ಮತ್ತೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ನಿನ್ನ ಮನೆ ಮುಂದೆ ಯಾರೋ ಖಾಲಿ ಬಿಂದಿಗೆ ಸಾಲಾಗಿ ಇಟ್ಟು ಹೋಗಿದ್ದರಂತೆ, ಜೀಪಿನವನು ಹೇಳಿದ. ನನ್ನಿಂದ ನಿನಗೆ ಇದೆಲ್ಲ ಬಂತು.

ಅಕ್ಕ

—

ಅಕ್ಟೋಬರ್ 2

ಅಕ್ಕಾ,

ಇಪ್ಪತ್ತಾರು ಬಿಂದಿಗೆ. ನನ್ನ ಹೆಂಡತಿ ಎಣಿಸಿ ಒಳಗಿಟ್ಟಿದ್ದಾಳೆ, ಕೇಳಿಕೊಂಡು ಬಂದವರಿಗೆ ಕೊಡುತ್ತಾಳಂತೆ. ಬಣ್ಣದ ಅಜ್ಜಿ ಮಾತ್ರ ಕಚೇರಿಗೇ ಬಂದಳು. "ಮಾತು ಕೊಟ್ಟಿದ್ಯಲ್ಲಪ್ಪ" ಅಂದಳು. ಕೊಟ್ಟಿದ್ದೆ, ತಪ್ಪಿದೆ ಅಂದೆ. "ಬಾಯಿ ಸತ್ತೋನಲ್ಲ, ಬಿಡು" ಅಂದು ಹೋದಳು. ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ.

ಇವತ್ತೂ ಬಿಸಿಲು. ಹದಿನೆಂಟು ದಿನ ಉಳಿದಿದೆ.

ತಮ್ಮ

—

ಅಕ್ಟೋಬರ್ 12

ಅಕ್ಕಾ,

ಐದು ದಿನ ಆಯಿತು, ಇವತ್ತು ಬೂಟು ಬಿಚ್ಚಿದೆ.

ಏಳನೇ ತಾರೀಖು ಇಡೀ ಬೆಳಿಗ್ಗೆ ವೈರ್‌ಲೆಸ್‌ನಲ್ಲಿ ದಿನ್ನೆಯ ಮೇಲಿಂದ ನಿನ್ನ ದನಿ ಕೇಳುತ್ತಿದ್ದೆ. ಎಷ್ಟು ತಿಂಗಳ ಮೇಲೆ! ಅಂಕಿಯ ಹೊರತು ನಾವಿಬ್ಬರೂ ಏನೂ ಮಾತಾಡಲಿಲ್ಲ. ಆರಕ್ಕೆ ಐದೂ ಇಪ್ಪತ್ತು. ಎಂಟಕ್ಕೆ ಏಳೂ ಹತ್ತು. ಸೇತುವೆಯ ಯಂತ್ರ ಅಲ್ಲಿಯವರೆಗೆ ನಿನ್ನ ಜೊತೆಗೇ ಹೇಳುತ್ತಿತ್ತು, ಒಂದಕ್ಕೊಂದು ಸರಿಯಾಗಿ ಹೊಂದುತ್ತಿತ್ತು. ಒಂಬತ್ತೂವರೆಗೆ ಪೆಟ್ಟಿಗೆಗೇ ನೀರು ತಗಲಿ ಸುಮ್ಮನಾಯಿತು. ಹತ್ತೂವರೆಗೆ ನೀನು ಎಂಟೂ ತೊಂಬತ್ತು ಅಂದೆ. ಆಮೇಲೆ ಹನ್ನೊಂದಕ್ಕೆ, "ಕಂಬ ಮುಳುಗಿದೆ. ಎಷ್ಟಿದೆಯೋ ಗೊತ್ತಿಲ್ಲ" ಅಂದೆ.

ಇಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ಸಾಹೇಬರು "ಒಂಬತ್ತು ಅಂತ ಹಿಡ್ಕೊಳ್ರೀ, ಸಾಕು" ಅಂದರು. ಒಂಬತ್ತು ಅಂತ ಹಿಡಿದರೆ ಪಟ್ಟಿಯ ಒಂಬತ್ತು ಹದಿನೈದರ ಒಳಗೇ ಇದೆ, ಯಾರನ್ನೂ ಎಬ್ಬಿಸಬೇಕಿಲ್ಲ. ನೀನು ಗೊತ್ತಿಲ್ಲ ಅಂದಿದ್ದೆ. ಹಾಗೇ ಬರಿ ಅಕ್ಕಾ ಅಂದೆ ನಾನು. ಆ ಕ್ಷಣವೇ ಗೇಟು ಸ್ವಲ್ಪಸ್ವಲ್ಪವಾಗಿ ಎತ್ತಿಸಿ, ತಗ್ಗಿನ ಬೀದಿ ಖಾಲಿ ಮಾಡಿಸಲು ಹೊರಟೆ. ನಿನ್ನಲ್ಲಿಂದ ನಮ್ಮಲ್ಲಿಗೆ ನೀರು ಬರಲು ಆರು ಗಂಟೆ ಬೇಕು. ಆ ಆರು ಗಂಟೆ ಪೂರ್ತಿ ನಾವು ಬಳಸಿಕೊಂಡೆವು.

ಬಣ್ಣದ ಅಜ್ಜಿ ಏಳಲಿಲ್ಲ. "ಹೋದ ವರ್ಷ ನೀರಿಲ್ಲ ಅಂದೆ, ಈ ವರ್ಷ ನೀರು ಅಂತೀಯ, ನಿಂಗೇನಾದ್ರೂ ನೆಟ್ಟಗೆ ಗೊತ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಅಜ್ಜಿ, ಅದಕ್ಕೇ ಬಾ ಅಂದೆ. ನನ್ನನ್ನೇ ನೋಡಿದಳು, ಚಪ್ಪಲಿ ಮೆಟ್ಟಿಕೊಂಡಳು.

ಸಂಜೆ ಐದಕ್ಕೆ ನೀರು ಆ ಬೀದಿಯಲ್ಲಿ ಎದೆಮಟ್ಟ. ಅವಳ ಬಣ್ಣದ ತೊಟ್ಟಿಗಳು ತೇಲಿಹೋದವು, ನೂರಹತ್ತು ಮನೆ ಬಿದ್ದವು. ನಾನೂರು ಮನೆಯವರೂ ದಿನ್ನೆಯ ಶಾಲೆಯಲ್ಲಿದ್ದರು, ಒಬ್ಬರೂ ಕಡಿಮೆಯಾಗಲಿಲ್ಲ. ಕಂಠಮಟ್ಟ ತುಂಬಿಸಿ ಇಟ್ಟಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಲು ಕೂತೆ. ಅರ್ಧಕ್ಕೆ ಪೆನ್ನು ಕೆಳಗಿಟ್ಟೆ.

ನಿನ್ನ ಡಿಸೆಂಬರ್ ಆದೇಶ ಇನ್ನೂ ಹಾಗೇ ಇದೆ. ಈ ಸಲ ನಾನು ಸುಮ್ಮನಿರುವುದಿಲ್ಲ. ಗೆಲ್ಲುತ್ತೇನೋ, ಹೇಳಲಾರೆ.

ನಿಜವಾಗಿ ಎಷ್ಟು ಬಂದಿತ್ತು ಅಕ್ಕಾ?

ತಮ್ಮ

—

ಅಳತೆ ಕೋಣೆ
ಅಕ್ಟೋಬರ್ 17

ಪುಟ್ಟಾ,

ಕೆಸರು ಬಾಚಿ ಬಾಚಿ ಸೊಂಟ ಬಿದ್ದುಹೋಗಿದೆ. ಮೊನ್ನೆ ಗೋಡೆ ಒಣಗಿ ಕಲೆ ಕಂಡಿತು. ಅಪ್ಪನ ಗೆರೆಗಿಂತ ನಾಲ್ಕು ಬೆರಳು ಮೇಲೆ. ಒಂಬತ್ತು ಮೀಟರ್ ಇಪ್ಪತ್ತಮೂರು. ನಿನ್ನ ಪಟ್ಟಿಯ ಒಂಬತ್ತು ಹದಿನೈದೂ ಸಾಲಲಿಲ್ಲ, ನೋಡಿದೆಯಾ? ಅಪ್ಪ ಕಂಡದ್ದೇ ಕೊನೆ ಅಂದುಕೊಂಡಿದ್ದೆ.

ಏಳನೇ ತಾರೀಖಿನ ಹಾಳೆ ಕಳಿಸಿದ್ದೇನೆ. ಮಧ್ಯಾಹ್ನದ ಚೌಕದಲ್ಲಿ, ಸಂಜೆಯ ಚೌಕದಲ್ಲಿ "ಕಂಬ ಮುಳುಗಿದೆ, ಗೊತ್ತಿಲ್ಲ" ಅಂತ ಬರೆದಿದ್ದೇನೆ. ಬರೆಯುವಾಗ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಹಳೆಯ ಪುಸ್ತಕ ನಿನ್ನ ಹತ್ತಿರ ಇದೆಯಲ್ಲ, ಅದನ್ನು ವಾಪಸ್ ಕಳಿಸು. ಹನ್ನೊಂದರ ಬೆಳಿಗ್ಗೆಯ ಏಳು ನಿಜ, ಅದು ಇರಲಿ. ಮಿಕ್ಕ ಎಂಟನ್ನು ಹೊಡೆದು ಹಾಕಿ ಅಲ್ಲಿಯೂ ಗೊತ್ತಿಲ್ಲ ಅಂತ ಬರೆದು, ಅಪ್ಪನ ಸಹಿಯ ಪಕ್ಕ ನನ್ನ ಸಹಿ ಹಾಕಬೇಕು.

ಮೊಳೆ ತಂದು ಹೊಸ ಕಲೆಯ ಅಂಚಿಗೆ ಗೆರೆ ಗೀರಿದೆ. ತಾರೀಖು ಹಾಕಿದೆ. ಅದರ ಮೇಲೆ ಸೂರಿನ ತನಕ ಇನ್ನೂ ಎಷ್ಟು ಗೋಡೆ ಖಾಲಿ ಇದೆ ಅಂತ ಒಂದು ಸಲ ನೋಡಿದೆ.

ಮೀನಿನವನು ಸಹಾಯಕ್ಕೆ ಬಂದವನು "ಕಪಾಟು ವಾಪಸ್ ತಳ್ಳೋಣ್ವಾ ಅಕ್ಕಾ?" ಅಂದ.

ಬೇಡ ಅಂದೆ.

ನಿನ್ನ ಅಕ್ಕ